ಬ್ರಾಡ್ವೇ ನಾಟಕಕ್ಕೆ ಅಂದೇ ಟಿಕೆಟ್: ಲಾಟರಿ, ರಶ್, ರಿಯಾಯಿತಿ ಕಿಟಕಿ, ನಿಂತು ನೋಡುವ ಜಾಗ

ನ್ಯೂಯಾರ್ಕ್‌ನ ರಂಗಮಂದಿರಗಳ ಪ್ರದೇಶವಾದ ಬ್ರಾಡ್ವೇಯಲ್ಲಿ ಹೆಸರುವಾಸಿ ಮ್ಯೂಸಿಕಲ್ (ಹಾಡು-ಕುಣಿತದ ನಾಟಕ) ಒಂದಕ್ಕೆ ನಾಲ್ಕು ಜನರ ಕುಟುಂಬ ಒಳ್ಳೆಯ ಸೀಟುಗಳನ್ನು ಮುಂಗಡ ಕಾಯ್ದಿರಿಸಿದರೆ ಆರೇಳುನೂರು ಡಾಲರ್ ಸಲೀಸಾಗಿ ಕೈಬಿಡುತ್ತದೆ. ಅದೇ ಪ್ರದರ್ಶನಕ್ಕೆ 40 ಡಾಲರ್ ಆಸುಪಾಸಿನಲ್ಲಿ ಟಿಕೆಟ್ ಹಿಡಿದು ಮೊದಲ ಸಾಲಿನಲ್ಲಿ ಕೂತವರೂ ಇರುತ್ತಾರೆ. ಇದಕ್ಕೆ ವಶೀಲಿ ಬೇಕಿಲ್ಲ. ದಾರಿಗಳೆಲ್ಲ ಬಹಿರಂಗವಾಗಿಯೇ ಇವೆ, ಆದರೆ ಒಂದೊಂದಕ್ಕೂ ಬೇರೆ ಸಮಯ, ಬೇರೆ ಬಾಗಿಲು. ಪಕ್ಕದ ನ್ಯೂಜರ್ಸಿಯ ಎಡಿಸನ್, ಜರ್ಸಿ ಸಿಟಿ ಕಡೆ ನೆಲೆಸಿದ ಕನ್ನಡಿಗರಿಗೆ, ಬೇಸಿಗೆಗೆ ಮಕ್ಕಳ ಮನೆಗೆ ಬಂದ ಅಪ್ಪ-ಅಮ್ಮಂದಿರಿಗೆ, ನಾಲ್ಕು ದಿನದ ಪ್ರವಾಸಕ್ಕೆ ಬಂದವರಿಗೆ ಇವುಗಳಲ್ಲಿ ಯಾವುದು ಒಗ್ಗುತ್ತದೆ, ಎಲ್ಲಿ ಎಡವುತ್ತಾರೆ ಎಂಬುದು ಮುಂದಿದೆ.

ಮೊದಲು ಒಂದು ವಿಷಯ ಮನಸ್ಸಿನಲ್ಲಿರಲಿ. ಅಗ್ಗದ ಟಿಕೆಟ್ ಮೂರು ಕಾರಣಕ್ಕೆ ಹುಟ್ಟುತ್ತದೆ. ಸೀಟು ಮಾರಾಟವಾಗದೆ ಉಳಿದಿದ್ದರೆ ಅದು ರಿಯಾಯಿತಿ ಕಿಟಕಿಗೆ ಬರುತ್ತದೆ. ಯುವಕರು, ಕಡಿಮೆ ದುಡ್ಡಿನವರು ಬರಲೆಂದು ನಿರ್ಮಾಪಕರೇ ಒಂದಿಷ್ಟು ಸೀಟು ಎತ್ತಿಟ್ಟರೆ ಅದು ಲಾಟರಿ ಅಥವಾ ರಶ್ (ಅಂದು ಮೊದಲು ಬಂದವರಿಗೆ ಕೊಡುವ ಟಿಕೆಟ್) ಆಗುತ್ತದೆ. ಎಲ್ಲ ಸೀಟೂ ಮಾರಾಟವಾದರೆ ಮಾತ್ರ ನಿಂತು ನೋಡುವ ಜಾಗ ಮಾರುತ್ತಾರೆ. ಹಾಗಾಗಿ ತುಂಬಿ ತುಳುಕುವ ನಾಟಕಕ್ಕೆ ರಿಯಾಯಿತಿ ಕಿಟಕಿಯಲ್ಲಿ ಕಾಯುವುದೂ ವ್ಯರ್ಥ, ಅರ್ಧ ಖಾಲಿಯಿರುವ ನಾಟಕಕ್ಕೆ ಸ್ಟ್ಯಾಂಡಿಂಗ್ ಟಿಕೆಟ್ ಕೇಳುವುದೂ ವ್ಯರ್ಥ. ಬಂದವರಲ್ಲಿ ಬಹಳ ಜನ ಇಲ್ಲೇ ಒಂದು ದಿನ ಕಳೆದುಕೊಳ್ಳುತ್ತಾರೆ.

ನಾಟಕದ ನಾಡಿ ಹಿಡಿಯುವುದು

ಬೇಕಾದ ಮೂರು ನಾಟಕಗಳನ್ನು ಪಟ್ಟಿ ಮಾಡಿ. ಒಂದನ್ನೇ ಹಿಡಿದು ಕೂತವರಿಗೆ ಅಂದಿನ ಟಿಕೆಟ್ ಆಟ ಒಗ್ಗುವುದಿಲ್ಲ. ಪ್ರತಿ ನಾಟಕದ ಅಧಿಕೃತ ಜಾಲತಾಣದಿಂದ ಟಿಕೆಟ್ ಪುಟಕ್ಕೆ ಹೋಗಿ, ನೋಡಬೇಕಾದ ಪ್ರದರ್ಶನದ ಸೀಟು ನಕ್ಷೆಯನ್ನು ಎರಡು ದಿನ ಮುಂಚೆ ತೆರೆಯಿರಿ. ಹಿಂದಿನ ಮೆಜನೈನ್‌ನಲ್ಲಿ, ಅಂದರೆ ಮೊದಲ ಮಹಡಿಯಲ್ಲಿ, ಸಾಲು ಸಾಲೇ ಖಾಲಿ ಕಂಡರೆ ಅದು ರಿಯಾಯಿತಿ ಕಿಟಕಿಗೆ ಬರುವ ಸಾಧ್ಯತೆ ಹೆಚ್ಚು. ಅಲ್ಲೊಂದು ಇಲ್ಲೊಂದು ಒಂಟಿ ಸೀಟು ಮಾತ್ರ ಉಳಿದಿದ್ದರೆ ಲಾಟರಿ, ರಶ್ ನೆಚ್ಚಿಕೊಳ್ಳಿ. ನಕ್ಷೆಯಲ್ಲಿ ಒಂದು ಸೀಟೂ ಉಳಿದಿಲ್ಲದಿದ್ದರೆ ನಿಂತು ನೋಡುವ ಟಿಕೆಟ್ಟು ಅಥವಾ ರದ್ದಾದ ಟಿಕೆಟ್ಟು.

ಇನ್ನೊಂದು ಸೂಚಕವೂ ಇದೆ. ಬ್ರಾಡ್ವೇ ಲೀಗ್ ಎಂಬ ನಿರ್ಮಾಪಕ-ರಂಗಮಂದಿರಗಳ ಸಂಘ ಪ್ರತಿ ನಾಟಕದ ಗಳಿಕೆಯನ್ನೂ ಶೇಕಡಾ ಎಷ್ಟು ಸೀಟು ತುಂಬಿತ್ತು ಎಂಬುದನ್ನೂ ವಾರವಾರ ಪ್ರಕಟಿಸುತ್ತದೆ. ಆ ಪಟ್ಟಿಯಲ್ಲಿ ಒಂದು ನಾಟಕ ಶೇ 100ನ್ನು ದಾಟಿದ್ದರೆ ಗಾಬರಿಯಾಗಬೇಡಿ, ಲೆಕ್ಕ ತಪ್ಪಿಲ್ಲ. ಅಲ್ಲಿ ನಿಂತು ನೋಡುವವರಿಗೂ ಟಿಕೆಟ್ ಮಾರಿದ್ದಾರೆ ಎಂದರ್ಥ. ಶೇ 80ರ ಕೆಳಗಿದ್ದರೆ ರಿಯಾಯಿತಿ ಸಿಗುವುದು ಬಹುತೇಕ ಖಾತ್ರಿ.

ವಾರದ ಲೆಕ್ಕವೂ ಮುಖ್ಯ. ಬ್ರಾಡ್ವೇ ನಾಟಕ ವಾರಕ್ಕೆ 8 ಪ್ರದರ್ಶನ ಕೊಡುತ್ತದೆ. ಹೆಚ್ಚಿನವಕ್ಕೆ ಸೋಮವಾರ ರಜೆ, ಬುಧವಾರ ಮತ್ತು ಶನಿವಾರ ಮಧ್ಯಾಹ್ನ ಮ್ಯಾಟಿನಿ, ಭಾನುವಾರವೂ ಮಧ್ಯಾಹ್ನದ ಆಟ ಇರುತ್ತದೆ. ಮಂಗಳವಾರದಿಂದ ಗುರುವಾರದ ಸಂಜೆಗಳು ಸಲೀಸು, ಶನಿವಾರದ ಸಂಜೆ ಎಲ್ಲಕ್ಕಿಂತ ಕಷ್ಟ. ವರ್ಷದಲ್ಲಿ ಹೊಸ ವರ್ಷದ ಗದ್ದಲ ಮುಗಿದ ಜನವರಿ ಎರಡನೇ ವಾರದಿಂದ ಫೆಬ್ರವರಿವರೆಗೆ ಸುಗ್ಗಿ. ಆ ಸಮಯದಲ್ಲೇ, ಮತ್ತೆ ಸೆಪ್ಟೆಂಬರ್‌ನಲ್ಲಿ, ಒಂದು ಟಿಕೆಟ್ ಬೆಲೆಗೆ ಎರಡು ಕೊಡುವ ಬ್ರಾಡ್ವೇ ವೀಕ್ ಕೊಡುಗೆಯೂ ಬರುತ್ತದೆ. ಥ್ಯಾಂಕ್ಸ್‌ಗಿವಿಂಗ್ ವಾರ, ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ದಿನಗಳಲ್ಲಿ ಅಗ್ಗದ ಆಸೆ ಇಟ್ಟುಕೊಳ್ಳಬೇಡಿ. ಜೂನ್‌ನಲ್ಲಿ ಬ್ರಾಡ್ವೇ ನಾಟಕಗಳಿಗೆ ಕೊಡುವ ಟೋನಿ ಪ್ರಶಸ್ತಿ ಘೋಷಣೆಯಾದ ಮರುದಿನದಿಂದ ಗೆದ್ದ ನಾಟಕ ಕೈಗೆ ಸಿಗದು. ಸೋತ ನಾಟಕಗಳ ರಿಯಾಯಿತಿ ಅದೇ ವಾರ ಹೆಚ್ಚುವುದುಂಟು, ಅವುಗಳಲ್ಲಿ ಒಳ್ಳೆಯವೂ ಇರುತ್ತವೆ.

ಲಾಟರಿ: ಹಿಂದಿನ ದಿನದ ಕೆಲಸ

1996ರಲ್ಲಿ 'ರೆಂಟ್' ಎಂಬ ಮ್ಯೂಸಿಕಲ್ ನೆಡರ್‌ಲ್ಯಾಂಡರ್ ರಂಗಮಂದಿರಕ್ಕೆ ಬಂದಾಗ ಮೊದಲ ಎರಡು ಸಾಲಿನ ಸೀಟುಗಳನ್ನು 20 ಡಾಲರ್‌ಗೆ ಅಂದಂದೇ ಮಾರುವ ಪದ್ಧತಿ ತಂದರು. ಹುಡುಗರು ರಾತ್ರಿಯೆಲ್ಲ ಫುಟ್‌ಪಾತಿನ ಮೇಲೆ ಮಲಗತೊಡಗಿದಾಗ ಸಾಲಿನ ಬದಲು ಚೀಟಿ ಎತ್ತುವುದು ಶುರುವಾಯಿತು. ಈಗ ಅದೆಲ್ಲ ಫೋನಿಗೆ ಬಂದಿದೆ. ನಮ್ಮ ಟೆಂಟ್ ಸಿನಿಮಾದ ಗಾಂಧಿ ಕ್ಲಾಸಿನಂತೆ ಇಲ್ಲಿಯೂ ಅಗ್ಗದ ಟಿಕೆಟ್ಟು ಹಲವು ಸಲ ಮುಂದಿನ ಸಾಲಿನದೇ. ಕತ್ತು ಸ್ವಲ್ಪ ಎತ್ತಬೇಕು, ವೇದಿಕೆ ಎತ್ತರವಿದ್ದರೆ ನರ್ತಕರ ಪಾದ ಕಾಣುವುದಿಲ್ಲ, ಆದರೆ ನಟನ ಮುಖದ ಬೆವರೂ ಕಾಣುತ್ತದೆ.

ಕ್ರಮ ಹೀಗೆ. ನಾಟಕದ ಅಧಿಕೃತ ಜಾಲತಾಣದಲ್ಲಿ 'ಲಾಟರಿ' ಅಥವಾ 'ರಶ್' ಎಂಬ ಕೊಂಡಿ ಹುಡುಕಿ. ಅದು ನಿಮ್ಮನ್ನು ಬ್ರಾಡ್ವೇ ಡೈರೆಕ್ಟ್, ಟೆಲಿಚಾರ್ಜ್, ಲಕ್ಕಿ ಸೀಟ್, ಟುಡೇಟಿಕ್ಸ್ ಇವುಗಳಲ್ಲಿ ಒಂದಕ್ಕೆ ಕಳಿಸುತ್ತದೆ. ಪ್ಲೇಬಿಲ್ ಪತ್ರಿಕೆಯ ಜಾಲತಾಣದಲ್ಲಿ ಎಲ್ಲ ನಾಟಕಗಳ ರಶ್, ಲಾಟರಿ, ಸ್ಟ್ಯಾಂಡಿಂಗ್ ನಿಯಮಗಳು ಒಂದೇ ಪುಟದಲ್ಲಿ ಸಿಗುತ್ತವೆ. ಅದನ್ನು ಒಮ್ಮೆ ಓದಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಸಾಮಾನ್ಯವಾಗಿ ಹಿಂದಿನ ದಿನ ಹೆಸರು ಕೊಡಬೇಕು, ಒಂದು ಟಿಕೆಟ್ಟೋ ಎರಡೋ ಎಂದು ಹೇಳಬೇಕು. ಡ್ರಾ ಆದ ಕೂಡಲೇ ಇಮೇಲ್ ಬರುತ್ತದೆ. ಬ್ರಾಡ್ವೇ ಡೈರೆಕ್ಟ್‌ನಲ್ಲಿ ಗೆದ್ದವರು 60 ನಿಮಿಷದೊಳಗೆ ಹಣ ಕಟ್ಟದಿದ್ದರೆ ಸೀಟು ಬೇರೆಯವರಿಗೆ ಹೋಗುತ್ತದೆ. 'ಹ್ಯಾಮಿಲ್ಟನ್' ನಾಟಕದ್ದು ಬೇರೆ ಕ್ರಮ. 2015ರಲ್ಲಿ ಶುರುವಾದ ಅದರ 10 ಡಾಲರ್ ಲಾಟರಿಗೆ ಈಗ ಮುಂದಿನ ವಾರದ ಪ್ರದರ್ಶನಗಳಿಗಾಗಿ ಮೊದಲೇ ಹೆಸರು ಕೊಡಬೇಕು. ಗೆಲ್ಲುವ ಸಂಭವ ತೀರಾ ಕಡಿಮೆ. ಕೊಡಿ, ಮರೆತುಬಿಡಿ.

ಗೆದ್ದೂ ಕಳೆದುಕೊಳ್ಳುವವರು ಬಹಳ. ಕಾರಣಗಳು ಸಣ್ಣವು, ನಮ್ಮವರಿಗೆ ವಿಶೇಷವಾಗಿ ಕಾಡುವಂಥವು.

ಹೆಸರು. ಟಿಕೆಟ್ ಪಡೆಯುವಾಗ ಫೋಟೋ ಇರುವ ಗುರುತಿನ ಚೀಟಿ ಕೇಳುತ್ತಾರೆ, ಗೆದ್ದ ಟಿಕೆಟ್ಟನ್ನು ಇನ್ನೊಬ್ಬರಿಗೆ ದಾಟಿಸುವಂತಿಲ್ಲ. ಊರಿನ ಹೆಸರು, ಅಪ್ಪನ ಹೆಸರು ಇನಿಷಿಯಲ್ ಆಗಿರುವವರ ಪಾಸ್‌ಪೋರ್ಟಿನಲ್ಲಿ ಹೆಸರು ಒಂದು ರೀತಿ, ಇಮೇಲಿನಲ್ಲಿ ಇನ್ನೊಂದು ರೀತಿ ಇರುತ್ತದೆ. ಕೈಯಲ್ಲಿ ಹಿಡಿದು ಹೋಗುವ ಚೀಟಿಯಲ್ಲಿ ಅಚ್ಚಾದಂತೆಯೇ ಫಾರ್ಮ್ ತುಂಬಿ.

ಕಾರ್ಡ್. ಭಾರತದ ಬ್ಯಾಂಕ್ ಕಾರ್ಡಿನಲ್ಲಿ ಅಂತರರಾಷ್ಟ್ರೀಯ ಆನ್‌ಲೈನ್ ಬಳಕೆಯನ್ನು ಬ್ಯಾಂಕಿನ ಆ್ಯಪ್‌ನಲ್ಲಿ ನೀವೇ ಚಾಲೂ ಮಾಡಬೇಕು. ಓಟಿಪಿ ಬಂದರೆ ಅದು ಭಾರತದ ಸಿಮ್‌ಗೇ ಬರುತ್ತದೆ. ರೋಮಿಂಗ್ ಇಲ್ಲದ ಫೋನ್ ಹಿಡಿದು ಕೂತರೆ ಆ 60 ನಿಮಿಷ ಕಣ್ಣೆದುರೇ ಕಳೆಯುತ್ತದೆ. ಜಿಪ್ ಕೋಡ್ ಕಾಲಂ 5 ಅಂಕಿಯದು, ನಮ್ಮ ಪಿನ್ ಕೋಡ್ 6 ಅಂಕಿಯದು. ಮೊದಲು ದೇಶವನ್ನು ಭಾರತ ಎಂದು ಬದಲಿಸಿ ಆಮೇಲೆ ವಿಳಾಸ ತುಂಬಿ. ಅಮೆರಿಕದಲ್ಲಿರುವ ಮಗನ ಕಾರ್ಡಿನಿಂದ ಕಟ್ಟುವುದು ಎಲ್ಲಕ್ಕಿಂತ ನಿರಾಳ, ಆದರೆ ಹಾಗಿದ್ದಾಗ ಹೆಸರನ್ನೂ ಮಗನೇ ಕೊಟ್ಟು, ನಾಟಕಕ್ಕೆ ಅವನೂ ಬರಬೇಕು.

ಒಬ್ಬರೇ ಎರಡು ಮೂರು ಇಮೇಲ್‌ನಿಂದ ಹೆಸರು ಕೊಟ್ಟರೆ ಎಲ್ಲವೂ ತಿರಸ್ಕೃತವಾಗಬಹುದು. ಗಂಡ-ಹೆಂಡತಿ ಬೇರೆ ಬೇರೆಯಾಗಿ ಎರಡೆರಡು ಟಿಕೆಟ್‌ಗೆ ಕೊಡುವುದು ಸರಿಯಾದ ಮಾರ್ಗ, ಸಂಭವ ಇಮ್ಮಡಿಯಾಗುತ್ತದೆ. ಡ್ರಾ ಸಮಯಕ್ಕೆ ಸ್ಪ್ಯಾಮ್ ಪೆಟ್ಟಿಗೆಯನ್ನೂ ತೆರೆದು ನೋಡಿ.

ರಶ್: ಬೆಳಗಿನ ಸಾಲು

ರಶ್ ಎಂದರೆ ಆ ದಿನದ ಪ್ರದರ್ಶನಕ್ಕೆ ಬಾಕ್ಸ್ ಆಫೀಸ್ (ರಂಗಮಂದಿರದ್ದೇ ಟಿಕೆಟ್ ಕಿಟಕಿ) ತೆರೆದ ಕೂಡಲೇ ಮೊದಲು ಬಂದವರಿಗೆ ಕೊಡುವ ಅಗ್ಗದ ಟಿಕೆಟ್. ಬೆಲೆಯನ್ನು ನಾಟಕವೇ ನಿಗದಿಪಡಿಸುತ್ತದೆ, ಹೆಚ್ಚಾಗಿ 30ರಿಂದ 50 ಡಾಲರ್ ನಡುವೆ. ಒಬ್ಬರಿಗೆ ಎರಡೇ ಟಿಕೆಟ್. ಬಾಕ್ಸ್ ಆಫೀಸ್ ಸಾಮಾನ್ಯವಾಗಿ ಸೋಮವಾರದಿಂದ ಶನಿವಾರ ಬೆಳಿಗ್ಗೆ 10ಕ್ಕೆ, ಭಾನುವಾರ ಮಧ್ಯಾಹ್ನ 12ಕ್ಕೆ ತೆರೆಯುತ್ತದೆ. ಮ್ಯಾಟಿನಿಯೂ ಸಂಜೆಯ ಆಟವೂ ಇರುವ ದಿನ ಎರಡರ ರಶ್ ಟಿಕೆಟನ್ನೂ ಬೆಳಿಗ್ಗೆಯೇ ಮಾರುವ ನಾಟಕಗಳಿವೆ. ಸಾಲು ಒಂದೇ, ಸೀಟು ಎರಡು ಪಟ್ಟು. ರಶ್‌ಗೆ ಬುಧವಾರವೇ ಉತ್ತಮ ಎನ್ನುವುದು ಇದಕ್ಕೇ. ಶನಿವಾರವೂ ಎರಡು ಆಟ ಇರುತ್ತದೆ, ಆದರೆ ಸಾಲಿನಲ್ಲಿ ಊರೇ ಇರುತ್ತದೆ.

ಎಷ್ಟು ಹೊತ್ತಿಗೆ ಹೋಗಬೇಕು ಎಂಬುದಕ್ಕೆ ಒಂದೇ ಉತ್ತರವಿಲ್ಲ, ಆದರೆ ತಿಳಿಯುವ ದಾರಿಯಿದೆ. ಹಿಂದಿನ ದಿನ ಆ ರಂಗಮಂದಿರದ ಬಾಕ್ಸ್ ಆಫೀಸಿಗೇ ಹೋಗಿ ಮೂರು ಪ್ರಶ್ನೆ ಕೇಳಿ: ನಾಳೆ ರಶ್ ಇದೆಯೇ, ಅಂದಾಜು ಎಷ್ಟು ಟಿಕೆಟ್ ಇಡುತ್ತೀರಿ, ಇವತ್ತು ಮೊದಲ ವ್ಯಕ್ತಿ ಎಷ್ಟು ಹೊತ್ತಿಗೆ ಬಂದಿದ್ದರು. ಕಿಟಕಿಯಲ್ಲಿ ಜನರಿಲ್ಲದ ಹೊತ್ತು, ಮಧ್ಯಾಹ್ನ 3ರಿಂದ 5ರ ನಡುವೆ, ಅವರು ಬಿಚ್ಚು ಮನಸ್ಸಿನಿಂದ ಹೇಳುತ್ತಾರೆ. ಸಾಧಾರಣ ಬೇಡಿಕೆಯ ನಾಟಕಕ್ಕೆ 9 ಗಂಟೆಗೆ ಹೋದರೂ ಸಾಕಾಗುತ್ತದೆ. ಖ್ಯಾತ ಸಿನಿಮಾ ನಟರು ಅಭಿನಯಿಸುವ, ನಾಲ್ಕೈದು ತಿಂಗಳಷ್ಟೇ ನಡೆಯುವ ನಾಟಕಕ್ಕೆ ಬೆಳಗಿನ 6ಕ್ಕೇ ಜನ ಕೂತಿರುತ್ತಾರೆ. ಕೊನೆಯ ವಾರ ಇನ್ನೂ ಮುಂಚೆ. ದುಡ್ಡು ಕೊಟ್ಟು ತಮ್ಮ ಪರವಾಗಿ ಸಾಲಿನಲ್ಲಿ ನಿಲ್ಲಿಸುವ ದಂಧೆಯೂ ನಗರದಲ್ಲಿದೆ, ಹಾಗಾಗಿ ಮುಂದಿರುವವರೆಲ್ಲ ರಂಗಪ್ರೇಮಿಗಳೇ ಎಂದು ಭಾವಿಸಬೇಡಿ.

ಸಾಲಿಗೆ ಬೇಕಾದ್ದು: ಗುರುತಿನ ಚೀಟಿ, ಒಂದು ಕಾರ್ಡು ಜತೆಗೆ ಸ್ವಲ್ಪ ನಗದು, ಪವರ್ ಬ್ಯಾಂಕ್, ಚಳಿಗಾಲವಾದರೆ ದಪ್ಪ ಕಾಲುಚೀಲ ಎರಡು ಪದರ. ಜನವರಿ ಬೆಳಗ್ಗೆ ನ್ಯೂಯಾರ್ಕ್‌ನಲ್ಲಿ ಉಷ್ಣಾಂಶ ಸೊನ್ನೆಗಿಂತ ಕೆಳಗಿರುವುದು ಮಾಮೂಲು. ಮೈಗೆ ಕೋಟು ಹಾಕಿದ ಜನ ಕಾಲಿನಿಂದ ಸೋಲುತ್ತಾರೆ. ಜತೆಯವರು ಕಾಫಿ ತರಲು ಹೋದರೆ ತೊಂದರೆಯಿಲ್ಲ, ಆದರೆ ಒಬ್ಬರು ನಿಂತು ಹಿಂದೆ ಆರು ಜನರನ್ನು ಸೇರಿಸಿಕೊಂಡರೆ ಗಲಾಟೆಯಾಗುತ್ತದೆ, ನ್ಯಾಯವೂ ಅಲ್ಲ.

ಕೆಲವು ನಾಟಕಗಳ ರಶ್ ವಿದ್ಯಾರ್ಥಿಗಳಿಗೆ ಮಾತ್ರ. ಕಾಲೇಜಿನ ಚಾಲ್ತಿ ಕಾರ್ಡು ಬೇಕು, ಅವಧಿ ಮುಗಿದದ್ದು ನಡೆಯದು. ಇನ್ನು ಕೆಲವಕ್ಕೆ ಬಾಕ್ಸ್ ಆಫೀಸಿನಲ್ಲಿ ರಶ್ ಇಲ್ಲವೇ ಇಲ್ಲ, ಟುಡೇಟಿಕ್ಸ್ ಆ್ಯಪ್‌ನಲ್ಲಿ ಬೆಳಿಗ್ಗೆ ನಿಗದಿತ ಸಮಯಕ್ಕೆ ತೆರೆಯುತ್ತದೆ. ಅದಕ್ಕೆ ಹಿಂದಿನ ರಾತ್ರಿಯೇ ಖಾತೆ ತೆರೆದು, ಕಾರ್ಡ್ ವಿವರ ಉಳಿಸಿ, ಆ ನಾಟಕದ ರಶ್ ಪುಟವನ್ನು ಅನ್‌ಲಾಕ್ ಮಾಡಿಡಿ. ಹತ್ತು ಗಂಟೆಗೆ ತೆರೆಯುವುದಾದರೆ 10 ಹೊಡೆದು ಅರ್ಧ ನಿಮಿಷದಲ್ಲಿ ಕೆಲಸ ಮುಗಿದಿರುತ್ತದೆ. ಸಬ್‌ವೇ ಸುರಂಗದಲ್ಲಿ ಕೂತು ಇದಕ್ಕೆ ಕೈಹಾಕಬೇಡಿ.

ನಾಲ್ಕು ಜನರ ಕುಟುಂಬಕ್ಕೆ ರಶ್ ಕಷ್ಟ. ಇಬ್ಬರು ಸಾಲಿನಲ್ಲಿ ನಿಂತರೆ ನಾಲ್ಕು ಟಿಕೆಟ್ ಸಿಕ್ಕರೂ ಎರಡೆರಡಾಗಿ ದೂರದೂರ ಇರುತ್ತವೆ. ಒಂಟಿಯಾಗಿ ಹೋಗುವವರಿಗೆ ಮಾತ್ರ ಇದು ಸ್ವರ್ಗ. ಸಾಲಿನಲ್ಲಿ ಎಂಟನೆಯವರಾಗಿ ನಿಂತು, ಜೋಡಿ ಸೀಟು ಮುಗಿದ ಮೇಲೆ ಉಳಿದ ಒಂಟಿ ಸೀಟು ಪಡೆದವರಿದ್ದಾರೆ. ಹಿಂದಿದ್ದೀರೆಂದು ಸಾಲು ಬಿಟ್ಟು ಹೋಗುವ ಮುನ್ನ ಇದನ್ನು ನೆನಪಿಸಿಕೊಳ್ಳಿ.

ಟಿಕೆಟಿಎಸ್: ಕೆಂಪು ಮೆಟ್ಟಿಲ ಕೆಳಗಿನ ಕಿಟಕಿಗಳು

ಟೈಮ್ಸ್ ಸ್ಕ್ವೇರ್‌ನಲ್ಲಿ 47ನೇ ಬೀದಿಯ ಬಳಿ, ಫಾದರ್ ಡಫಿ ಸ್ಕ್ವೇರ್‌ನಲ್ಲಿ, ಕೆಂಪು ಗಾಜಿನ ಮೆಟ್ಟಿಲುಗಳ ಮೇಲೆ ಜನ ಕೂತು ಫೋಟೋ ತೆಗೆಸಿಕೊಳ್ಳುತ್ತಿರುತ್ತಾರೆ. ಆ ಮೆಟ್ಟಿಲ ಕೆಳಗಿರುವುದೇ ಟಿಕೆಟಿಎಸ್ ಕಿಟಕಿಗಳು. ಟಿಡಿಎಫ್ ಎಂಬ ಲಾಭರಹಿತ ಸಂಸ್ಥೆ 1973ರಲ್ಲಿ ಇದನ್ನು ಆರಂಭಿಸಿತು, ಈಗಿನ ಗಾಜಿನ ಕಟ್ಟಡ 2008ರದು. ಮಾರಾಟವಾಗದೆ ಉಳಿದ ಅಂದಿನ ಟಿಕೆಟ್ಟುಗಳನ್ನು ಶೇ 20ರಿಂದ 50ರವರೆಗೆ ಕಡಿತ ಮಾಡಿ ಇಲ್ಲಿ ಮಾರುತ್ತಾರೆ. ಪ್ರತಿ ಟಿಕೆಟ್ಟಿನ ಮೇಲೆ ಕೆಲವು ಡಾಲರ್ ಸೇವಾಶುಲ್ಕ ಇರುತ್ತದೆ. ಲಿಂಕನ್ ಸೆಂಟರ್‌ನ ಡೇವಿಡ್ ರೂಬೆನ್‌ಸ್ಟೈನ್ ಏಟ್ರಿಯಂನಲ್ಲಿ ಇನ್ನೊಂದು ಮಾರಾಟಕೇಂದ್ರವಿದೆ. ಅದು ಒಳಾಂಗಣ, ಸಾಲು ಚಿಕ್ಕದು, ಕೂರಲು ಕುರ್ಚಿ ಇದೆ. ಅಪ್ಪ-ಅಮ್ಮನನ್ನು ಕರೆದುಕೊಂಡು ಹೋಗುವವರು, ಮಳೆಯ ದಿನ ಹೋಗುವವರು ಅತ್ತ ಹೋಗುವುದೇ ಲೇಸು.

ಸಂಜೆಯ ಆಟದ ಟಿಕೆಟ್ಟು ಸಾಮಾನ್ಯವಾಗಿ ಮಧ್ಯಾಹ್ನ 3ರಿಂದ. ಮ್ಯಾಟಿನಿ ಇರುವ ದಿನ ಬೆಳಿಗ್ಗೆ 11ಕ್ಕೇ ಕಿಟಕಿ ತೆರೆಯುತ್ತದೆ. ತೆರೆಯುವ ಹೊತ್ತಿಗೆ ಆಯ್ಕೆ ಹೆಚ್ಚು, ಸಾಲೂ ಹೆಚ್ಚು. ಸಂಜೆ ಐದೂವರೆ ಸುಮಾರಿಗೆ ಸಾಲು ಕರಗುತ್ತದೆ. ಆಟಕ್ಕೆ ಒಂದು ಗಂಟೆಯಿರುವಾಗ, ಅತಿಥಿಗಳಿಗೆಂದು ಕಾದಿರಿಸಿದ್ದ ಒಳ್ಳೆಯ ಸೀಟುಗಳು ಬಿಡುಗಡೆಯಾಗಿ ಇಲ್ಲಿಗೆ ಬರುವುದುಂಟು. ಬೋರ್ಡಿನಲ್ಲಿ ಮಧ್ಯಾಹ್ನ ಇಲ್ಲದಿದ್ದ ನಾಟಕ ಸಂಜೆ ಕಾಣಿಸಿಕೊಂಡರೆ ಕಾರಣ ಅದೇ. ಸ್ವಲ್ಪ ಜೂಜು, ಆದರೆ ಮೂರು ನಾಟಕದ ಪಟ್ಟಿ ಇರುವವರಿಗೆ ನಷ್ಟವಿಲ್ಲ. ವಾರದ ದಿನಗಳಲ್ಲಿ ಹಲವು ನಾಟಕಗಳು 8ಕ್ಕಲ್ಲ, 7ಕ್ಕೇ ಶುರುವಾಗುತ್ತವೆ ಎಂಬುದನ್ನು ಮಾತ್ರ ಮೊದಲೇ ನೋಡಿಕೊಂಡಿರಿ.

ಸಾಲಿಗೆ ಸೇರುವ ಮುನ್ನ ಟಿಕೆಟಿಎಸ್ ಆ್ಯಪ್ ತೆರೆದರೆ ಆ ಕ್ಷಣ ಯಾವ ನಾಟಕ, ಎಷ್ಟು ಬೆಲೆ ಎಂದು ಕಾಣುತ್ತದೆ. ಆ್ಯಪ್‌ನಲ್ಲಿ ಕೊಳ್ಳಲಾಗದು, ನೋಡಬಹುದಷ್ಟೇ. ಹಾಡು-ಕುಣಿತವಿಲ್ಲದ ನಾಟಕ ಬೇಕಾದವರಿಗೆ 'ಪ್ಲೇ ಎಕ್ಸ್‌ಪ್ರೆಸ್' ಎಂಬ ಬೇರೆ ಸಾಲಿದೆ, ಅದು ಬಹುಬೇಗ ಸಾಗುತ್ತದೆ. ಇದನ್ನು ತಿಳಿಯದೆ ಉದ್ದನೆಯ ಸಾಲಿನಲ್ಲಿ ಮುಕ್ಕಾಲು ಗಂಟೆ ನಿಲ್ಲುವವರು ದಿನವೂ ಸಿಗುತ್ತಾರೆ.

ಕಿಟಕಿಯಲ್ಲಿ ಮಾತು ಚುರುಕಾಗಿರಲಿ. ನಾಟಕದ ಹೆಸರು, ಎಷ್ಟು ಟಿಕೆಟ್, ಒಟ್ಟಿಗೆ ಬೇಕೇ ಎಂಬುದನ್ನು ಮೊದಲು ಹೇಳಿ. ಆಮೇಲೆ ಕೇಳಬೇಕಾದ ಪ್ರಶ್ನೆಗಳು: ಸೀಟು ಆರ್ಕೆಸ್ಟ್ರಾದಲ್ಲೋ (ಅಂದರೆ ನೆಲಮಹಡಿಯಲ್ಲೋ) ಮೆಜನೈನ್‌ನಲ್ಲೋ, ಎಷ್ಟನೇ ಸಾಲು, ವೇದಿಕೆಯ ಒಂದು ಭಾಗ ಮರೆಯಾಗುತ್ತದೆಯೇ, ಇದಕ್ಕಿಂತ ಕಡಿಮೆಯದು ಇದೆಯೇ. ಕೊಂಡ ಮೇಲೆ ಹಿಂದಿರುಗಿಸುವಂತಿಲ್ಲ, ಬದಲಿಸುವಂತಿಲ್ಲ.

ಇಲ್ಲೊಂದು ಲೆಕ್ಕದ ಬಲೆ ಇದೆ. ಕಡಿತ ಸಿಗುವುದು ಹೆಚ್ಚಾಗಿ ದುಬಾರಿ ಸೀಟುಗಳಿಗೆ. 180 ಡಾಲರ್ ಸೀಟು ಅರ್ಧ ಬೆಲೆಗೆ ಸಿಕ್ಕರೂ 90 ಡಾಲರ್, ಮೇಲೆ ಶುಲ್ಕ. ಅದೇ ನಾಟಕದ ಹಿಂದಿನ ಮೆಜನೈನ್ ಸೀಟು ಬಾಕ್ಸ್ ಆಫೀಸಿನಲ್ಲಿ ಪೂರ್ತಿ ಬೆಲೆಗೇ 70 ಡಾಲರ್ ಇದ್ದರೆ ಯಾವುದು ಅಗ್ಗ? ಶೇಕಡಾವಾರು ನೋಡಿ ಮರುಳಾಗದೆ ಕೊನೆಗೆ ಕೈಬಿಡುವ ಮೊತ್ತ ನೋಡಿ. ಬಾಕ್ಸ್ ಆಫೀಸಿನಲ್ಲಿ ಕೊಂಡರೆ ಆನ್‌ಲೈನ್ ಶುಲ್ಕವೂ ಉಳಿಯುತ್ತದೆ. ನಾಲ್ಕು ಟಿಕೆಟ್‌ಗೆ ಆ ಶುಲ್ಕವೇ ಒಂದು ಊಟದ ದುಡ್ಡು.

'ಹ್ಯಾಮಿಲ್ಟನ್', 'ದಿ ಲಯನ್ ಕಿಂಗ್' ಸಾಮಾನ್ಯವಾಗಿ ಟಿಕೆಟಿಎಸ್ ಬೋರ್ಡಿಗೆ ಬರುವುದಿಲ್ಲ. ಸಾಲಿನ ಆಸುಪಾಸು ಕೈಗೆ ಕರಪತ್ರ ತುರುಕಿ, ಆ ನಾಟಕ ಮುಗಿದುಹೋಯಿತು, ನಮ್ಮ ಹತ್ತಿರ ಇದೆ ಎನ್ನುವವರು, ಕಾಮಿಡಿ ಶೋ ಟಿಕೆಟ್ ಮಾರುವವರು ಎದುರಾಗುತ್ತಾರೆ. ಮಾತು ಬೆಳೆಸದೆ ಮುಂದೆ ಸಾಗಿ. ಅನುಮಾನ ಇದ್ದರೆ ಸಾಲಿನಲ್ಲಿ ಓಡಾಡುವ ಟಿಡಿಎಫ್ ಸಿಬ್ಬಂದಿಯನ್ನು ಕೇಳಿ. ಯಾವ ನಾಟಕ ಮಕ್ಕಳಿಗೆ ಆಗುತ್ತದೆ, ಯಾವುದರಲ್ಲಿ ಬೈಗುಳ ಜಾಸ್ತಿ ಎಂಬುದನ್ನೂ ಅವರು ನೇರವಾಗಿ ಹೇಳುತ್ತಾರೆ.

ನಿಂತು ನೋಡುವುದು

ಲಂಡನ್ನಿನ ಗ್ಲೋಬ್ ರಂಗಮಂದಿರದಲ್ಲಿ 700 ಜನ ಅಂಗಳದಲ್ಲಿ ನಿಂತು ನೋಡುವುದು ನಿತ್ಯದ ಪದ್ಧತಿ. ಬ್ರಾಡ್ವೇಯಲ್ಲಿ ಹಾಗಲ್ಲ. ಸೀಟೆಲ್ಲ ಮಾರಾಟವಾದ ದಿನ ಮಾತ್ರ, ಅದೂ ಕೆಲವೇ ರಂಗಮಂದಿರಗಳಲ್ಲಿ, ಬೆರಳೆಣಿಕೆಯಷ್ಟು ಜಾಗ. ನೆಲಮಹಡಿಯ ಕೊನೆಯ ಸಾಲಿನ ಹಿಂದೆ ಮೊಳಕೈ ಊರಿ ನಿಲ್ಲಲು ಅಡ್ಡಗೋಡೆ ಅಥವಾ ಕಂಬಿ ಇರುತ್ತದೆ, ಜಾಗಕ್ಕೆ ಸಂಖ್ಯೆ ಇರುತ್ತದೆ. ಟಿಕೆಟ್ಟಿನ ಸಂಖ್ಯೆಯ ಜಾಗದಲ್ಲೇ ನಿಲ್ಲಬೇಕು, ಬೇಗ ಬಂದವರಿಗೆ ಮಧ್ಯ ಎಂಬುದಿಲ್ಲ. ಹಾಗಾಗಿ ಕೊಳ್ಳುವಾಗಲೇ ಮಧ್ಯದ ಸಂಖ್ಯೆ ಕೇಳಿ.

ಕೆಲವು ಕಡೆ ಬೆಳಿಗ್ಗೆ ಬಾಕ್ಸ್ ಆಫೀಸ್ ತೆರೆದಾಗಲೇ ಮಾರುತ್ತಾರೆ, ಕೆಲವು ಕಡೆ ಆಟಕ್ಕೆ ಒಂದೆರಡು ಗಂಟೆ ಮುಂಚೆ. ಫೋನಿನಲ್ಲಿ, ಆನ್‌ಲೈನ್‌ನಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ. ಕಿಟಕಿಗೆ ಹೋಗಿ ಸ್ಟ್ಯಾಂಡಿಂಗ್ ರೂಮ್ ಇವತ್ತು ಬರಬಹುದೇ, ಯಾವಾಗ ಎಂದು ಕೇಳಿ. ಸೀಟು ಇನ್ನೂ ಉಳಿದಿದೆ, ಈಗ ಹೇಳಲಾಗದು ಎಂಬ ಉತ್ತರ ಬಂದರೆ ನಾಲ್ಕು ಗಂಟೆಗೆ ಮತ್ತೆ ಹೋಗಿ ಕೇಳಿ. ಒಂದು ದುಬಾರಿ ಸೀಟು ಮಾರಾಟವಾಗದೆ ಉಳಿದರೂ ಸ್ಟ್ಯಾಂಡಿಂಗ್ ತೆರೆಯದೆ ಹೋಗಬಹುದು.

ನೋಟದ ಬಗ್ಗೆ ಒಂದು ಎಚ್ಚರಿಕೆ. ಹಿಂದಿನ ಗೋಡೆಯ ಬಳಿ ನಿಂತಾಗ ತಲೆಯ ಮೇಲೆ ಮೆಜನೈನ್ ಚಾಚಿಕೊಂಡಿರುತ್ತದೆ. ಅದರಿಂದ ವೇದಿಕೆಯ ಮೇಲ್ಭಾಗ ಕತ್ತರಿಸಿದಂತೆ ಕಾಣುತ್ತದೆ. ಎರಡಂತಸ್ತಿನ ಸೆಟ್, ಹಾರಾಟ, ಮೇಲಿಂದ ಇಳಿಯುವ ದೃಶ್ಯ ಇರುವ ಮ್ಯೂಸಿಕಲ್‌ನಲ್ಲಿ ಬಹಳ ತಪ್ಪಿಹೋಗುತ್ತದೆ. ಮಾತಿನ ನಾಟಕಕ್ಕೆ ಏನೂ ನಷ್ಟವಿಲ್ಲ. ಎರಡೂವರೆ ಗಂಟೆ ನಿಲ್ಲಬೇಕು, ಹಾಗಾಗಿ ಮಧ್ಯಾಹ್ನವೆಲ್ಲ ಮ್ಯೂಸಿಯಂ ಸುತ್ತಿ ಬರಬೇಡಿ. ಮೆತ್ತನೆ ಅಡಿಯ ಶೂ, ಸಣ್ಣ ಚೀಲ. ಕಂಬಿ ಎದೆಮಟ್ಟ ಬರುವ ಮಕ್ಕಳಿಗೆ ಏನೂ ಕಾಣದು, ಮಂಡಿನೋವಿನ ಹಿರಿಯರಿಗೆ ಇದು ಬೇಡವೇ ಬೇಡ. ವಿರಾಮದಲ್ಲಿ ಖಾಲಿ ಸೀಟು ಕಂಡರೂ ತಾವಾಗಿ ಕೂರಬಾರದು. ಆ ಸೀಟಿನವರು ತಡವಾಗಿ ಬಂದರೆ ಕತ್ತಲೆಯಲ್ಲಿ ಎಬ್ಬಿಸಿಕೊಳ್ಳುವ ಮುಜುಗರ ನಿಮ್ಮದೇ.

ನಿಂತು ನೋಡುವುದನ್ನು ನಿಜಕ್ಕೂ ಸೊಗಸಾಗಿ ನಡೆಸುವುದು ಲಿಂಕನ್ ಸೆಂಟರ್‌ನ ಮೆಟ್ರೊಪಾಲಿಟನ್ ಒಪೆರಾ. ಅಲ್ಲಿ ನಿಲ್ಲುವ ಜಾಗದಲ್ಲೂ ಹಾಡಿನ ಅರ್ಥ ತೋರಿಸುವ ಪುಟ್ಟ ಪರದೆ ಇದೆ. ಒಪೆರಾದ 25 ಡಾಲರ್ ರಶ್ ಟಿಕೆಟ್ಟೂ ವಾರದ ದಿನಗಳಲ್ಲಿ ಮಧ್ಯಾಹ್ನ 12ಕ್ಕೆ ಆನ್‌ಲೈನ್‌ನಲ್ಲಿ ತೆರೆಯುತ್ತದೆ. ಶಾಸ್ತ್ರೀಯ ಸಂಗೀತದಲ್ಲಿ ರುಚಿಯಿರುವ ಹಿರಿಯರಿಗೆ ಬ್ರಾಡ್ವೇಗಿಂತ ಇದೇ ಹಿಡಿಸಲೂಬಹುದು.

ರದ್ದಾದ ಟಿಕೆಟ್ಟು

ಇದು ಅಗ್ಗದ ದಾರಿಯಲ್ಲ, ಆದರೆ ಸಿಗದ ನಾಟಕ ಸಿಗುವ ದಾರಿ. ಕಲಾವಿದರು, ನಿರ್ಮಾಪಕರ ಕಡೆಯವರಿಗೆ ಹಿಡಿದಿಟ್ಟ ಸೀಟುಗಳು ಬಳಕೆಯಾಗದಿದ್ದರೆ ಬಾಕ್ಸ್ ಆಫೀಸಿಗೆ ಮರಳುತ್ತವೆ, ಪೂರ್ತಿ ಬೆಲೆಗೆ ಮಾರುತ್ತಾರೆ. ಸಂಜೆ ಐದರಿಂದ ಆಟ ಶುರುವಾಗುವವರೆಗೆ ಕಿಟಕಿಯ ಬಳಿ ನಿಲ್ಲಬೇಕು. ಬೆಲೆ ಎಷ್ಟರವರೆಗೆ ಒಪ್ಪುತ್ತೀರಿ ಎಂದು ಮೊದಲೇ ತೀರ್ಮಾನಿಸಿ ಬನ್ನಿ. ಕಿಟಕಿಯಲ್ಲಿ ನಿಂತು ಮನೆಯವರಿಗೆ ಫೋನ್ ಮಾಡುವಷ್ಟರಲ್ಲಿ ಹಿಂದಿನವರು ಕೊಂಡಿರುತ್ತಾರೆ.

ಒಂದು ಬುಧವಾರದ ಓಟ

ಎರಡು ಜನ, ಒಂದು ಮ್ಯೂಸಿಕಲ್ ನೋಡಲೇಬೇಕು ಎಂದಿಟ್ಟುಕೊಳ್ಳಿ.

ಮಂಗಳವಾರ: ಇಬ್ಬರೂ ಬೇರೆ ಬೇರೆಯಾಗಿ ಮೂರು ನಾಟಕದ ಲಾಟರಿಗೆ ಹೆಸರು ಕೊಡಿ. ಡ್ರಾ ಹೊತ್ತಿಗೆ ಫೋನ್ ಕೈಯಲ್ಲಿರಲಿ.

ಬುಧವಾರ ಬೆಳಿಗ್ಗೆ 8.30: ಗೆಲ್ಲದಿದ್ದರೆ ಒಬ್ಬರು ಮೊದಲ ಆಯ್ಕೆಯ ನಾಟಕದ ಬಾಕ್ಸ್ ಆಫೀಸಿನ ಸಾಲಿಗೆ, ಇನ್ನೊಬ್ಬರು ಆ್ಯಪ್‌ನ ರಶ್‌ಗೆ. ಯಾರಿಗೆ ಮೊದಲು ಸಿಕ್ಕಿತೋ ಅವರು ಕೂಡಲೇ ಕರೆ ಮಾಡಬೇಕು. ಇಲ್ಲದಿದ್ದರೆ ಒಂದೇ ಸಂಜೆಗೆ ನಾಲ್ಕು ಟಿಕೆಟ್ಟಾಗುತ್ತದೆ.

10.30: ಸಿಗಲಿಲ್ಲವೆಂದರೆ ನೇರ ಟಿಕೆಟಿಎಸ್‌ಗೆ. 11ಕ್ಕೆ ಮ್ಯಾಟಿನಿ ಟಿಕೆಟ್ ತೆರೆಯುತ್ತದೆ. ಬುಧವಾರದ ಮ್ಯಾಟಿನಿಗೆ ಶಾಲಾ ಗುಂಪುಗಳು, ಹಿರಿಯ ನಾಗರಿಕರು ಜಾಸ್ತಿ, ಆದರೂ ಸೀಟು ಉಳಿಯುವುದುಂಟು.

ಮಧ್ಯಾಹ್ನ 3ರಿಂದ: ಸಂಜೆಯ ಆಟಕ್ಕೆ ಆ್ಯಪ್ ನೋಡುತ್ತಿರಿ, ಐದೂವರೆಗೆ ಕಿಟಕಿಗೆ. ಆರಕ್ಕೆ ಕೈಯಲ್ಲಿ ಏನೂ ಇಲ್ಲದಿದ್ದರೆ ತುಂಬಿದ ನಾಟಕದ ಬಾಕ್ಸ್ ಆಫೀಸಿಗೆ ಹೋಗಿ ಸ್ಟ್ಯಾಂಡಿಂಗ್ ಕೇಳಿ.

ಬಾಗಿಲ ಬಳಿ ಎಡವದಿರಲು

ಗೂಗಲ್‌ನಲ್ಲಿ ನಾಟಕದ ಹೆಸರು ಹುಡುಕಿದಾಗ ಮೊದಲು ಬರುವ ಜಾಹೀರಾತು ಕೊಂಡಿಗಳು ಬಹಳ ಸಲ ಮರುಮಾರಾಟಗಾರರವು. 'ಬಾಕ್ಸ್ ಆಫೀಸ್' ಎಂಬ ಪದವನ್ನೇ ಹೆಸರಿನಲ್ಲಿ ಇಟ್ಟುಕೊಂಡು 90 ಡಾಲರ್ ಸೀಟನ್ನು 200ಕ್ಕೆ ಮಾರುತ್ತಾರೆ. ಮೋಸವೆಂದು ಪೊಲೀಸರಿಗೆ ಹೇಳುವಂತೆಯೂ ಇಲ್ಲ, ಟಿಕೆಟ್ಟು ನಿಜವಾದದ್ದೇ. ನಾಟಕದ ಸ್ವಂತ ಜಾಲತಾಣದಿಂದಲೇ ಹೊರಡಿ. ಬೀದಿಯಲ್ಲಿ ಫೋನಿನ ಸ್ಕ್ರೀನ್‌ಶಾಟ್ ತೋರಿಸಿ ಮಾರುವವರಿಂದ ಏನನ್ನೂ ಕೊಳ್ಳಬೇಡಿ, ಒಂದೇ ಬಾರ್‌ಕೋಡ್ ಹತ್ತು ಜನಕ್ಕೆ ಮಾರಿರಬಹುದು.

ಬ್ರಾಡ್ವೇಯ ಹೆಚ್ಚಿನ ರಂಗಮಂದಿರಗಳು 4 ವರ್ಷದ ಕೆಳಗಿನ ಮಕ್ಕಳನ್ನು ಬಿಡುವುದಿಲ್ಲ. ತೊಡೆಯ ಮೇಲೆ ಕೂರಿಸಿಕೊಳ್ಳುತ್ತೇವೆ ಎಂದರೂ ಪ್ರತಿಯೊಬ್ಬರಿಗೂ ಟಿಕೆಟ್ ಬೇಕು. ನೂರು ವರ್ಷ ಹಳೆಯ ಕಟ್ಟಡಗಳಲ್ಲಿ ಮೆಜನೈನ್‌ಗೆ ಲಿಫ್ಟ್ ಇಲ್ಲದಿರುವುದೇ ಹೆಚ್ಚು, ಮೆಟ್ಟಿಲು ಕಡಿದು, ಕಾಲು ಚಾಚಲು ಜಾಗ ಕಡಿಮೆ. ಹಿರಿಯರಿದ್ದರೆ ಹತ್ತು ಡಾಲರ್ ಹೆಚ್ಚಾದರೂ ಆರ್ಕೆಸ್ಟ್ರಾ, ಅದರಲ್ಲೂ ನಡೆದಾರಿಯ ಪಕ್ಕದ ಸೀಟು ಕೇಳಿ. ಅಮೆರಿಕನ್ ಉಚ್ಚಾರಣೆ ಕಿವಿಗೆ ಹತ್ತದವರಿಗೆ ಗಾಲಾಪ್ರೊ ಎಂಬ ಆ್ಯಪ್‌ನಲ್ಲಿ ಇಂಗ್ಲಿಷ್ ಸಂಭಾಷಣೆ ಅಕ್ಷರದಲ್ಲಿ ಬರುತ್ತದೆ. ಪರದೆ ಕಪ್ಪಾಗಿರುವುದರಿಂದ ಪಕ್ಕದವರಿಗೆ ತೊಂದರೆಯಿಲ್ಲ. ಮನೆಯಲ್ಲೇ ಇಳಿಸಿಕೊಂಡು ಬನ್ನಿ.

ಆಟಕ್ಕೆ ಅರ್ಧ ಗಂಟೆ ಮುಂಚೆ ಬಾಗಿಲಲ್ಲಿರಿ. ಚೀಲ ತಪಾಸಣೆಯ ಸಾಲು ಉದ್ದವಿರುತ್ತದೆ, ಸೂಟ್‌ಕೇಸ್ ಒಳಗೆ ಬಿಡುವುದಿಲ್ಲ. ರಂಗಶಂಕರದಲ್ಲಿ ತಡವಾಗಿ ಬಂದವರಿಗೆ ಪ್ರವೇಶವೇ ಇಲ್ಲ. ಇಲ್ಲಿ ಅಷ್ಟು ಕಟ್ಟುನಿಟ್ಟಿಲ್ಲ, ಆದರೆ ನಾಟಕದವರು ಗೊತ್ತುಮಾಡಿದ ಘಟ್ಟದವರೆಗೆ ಹಿಂದೆ ನಿಲ್ಲಿಸುತ್ತಾರೆ. ಎಡಿಸನ್, ಮೆಟ್ರೊಪಾರ್ಕ್ ಕಡೆಗೆ ಮರಳುವವರು 34ನೇ ಬೀದಿಯ ಪೆನ್ ಸ್ಟೇಷನ್‌ಗೆ ನಡೆಯಲು ಇಪ್ಪತ್ತು ನಿಮಿಷ ಇಟ್ಟುಕೊಂಡು ರಾತ್ರಿಯ ಎನ್‌ಜೆ ಟ್ರಾನ್ಸಿಟ್ ರೈಲಿನ ಸಮಯ ಮೊದಲೇ ನೋಡಿರಿ. ಒಂದು ರೈಲು ತಪ್ಪಿದರೆ ಮುಂದಿನದಕ್ಕೆ ಬಹಳ ಹೊತ್ತು ಕಾಯಬೇಕು. ಜರ್ಸಿ ಸಿಟಿಯವರಿಗೆ 33ನೇ ಬೀದಿಯಿಂದ ಪಾತ್ ರೈಲು ರಾತ್ರಿಯಿಡೀ ಇದೆ.

ಟಿಕೆಟಿಎಸ್‌ನಲ್ಲಿ ಕೊಂಡಿದ್ದರೆ ಟಿಕೆಟ್ಟನ್ನು ಎಸೆಯಬೇಡಿ. 7 ದಿನದೊಳಗೆ ಅದನ್ನು ತೋರಿಸಿದರೆ ಟೈಮ್ಸ್ ಸ್ಕ್ವೇರ್‌ನ ಕಿಟಕಿಯಲ್ಲಿ ಮುಂದಿನ ಸಲ ಸಾಲಿನಲ್ಲಿ ನಿಲ್ಲಬೇಕಾಗಿಲ್ಲ.